ಗಡಿನಾಡಿನ ಪತ್ರಿಕಾವೃತ್ತಿಯೂ ವಸ್ತುಸಂಗ್ರಹಾಲಯದ ಕಲ್ಪನೆಯೂ: ಹಳಿಯಾಳ, ಜೋಯಿಡಾ ಭಾಗವನ್ನು ಕುರಿತು ಒಂದು ವಿಮರ್ಶೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅರಿಜೋನಾ ರಾಜ್ಯದಲ್ಲಿ ಟ್ಯೂಬಾಕ್ ಎಂಬುದೊಂದು ಚಿಕ್ಕ ಊರು. ಮೆಕ್ಸಿಕೋದ ಗಡಿಗೆ ಸಮೀಪವಾದ ಈ ಊರಿನಲ್ಲಿ ೧೮೫೯ರಲ್ಲಿ ಒಂದು ವಾರಪತ್ರಿಕೆ ಹೊರಟಿತು. ಆ ರಾಜ್ಯದ ಪತ್ರಿಕಾಚರಿತ್ರೆ ಅಲ್ಲಿಂದಲೇ ಮೊದಲಾಗುತ್ತದೆ. ಅದನ್ನು ಮುದ್ರಿಸಿದ ಕಬ್ಬಿಣದ ಕೈಯಂತ್ರವನ್ನು ಆ ಊರಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಅದೇ ರಾಜ್ಯದ ಟೂಮ್‌ಸ್ಟೋನ್ ಎಂಬ ಬೆಳ್ಳಿಗಣಿಯ ಊರಿನಲ್ಲಿ ೧೮೮೦ರಲ್ಲಿ ಜಾನ್ ಕ್ಲಮ್ ಎಂಬವನು ಪ್ರಾರಂಭಿಸಿದ 'ಎಪಿಟಾಫ್' ಪತ್ರಿಕೆಗೂ ಒಂದು ಸಂಗ್ರಹಾಲಯವುಂಟು. ಇಂಥ ಸಂಗ್ರಹಾಲಯಗಳ ಹಿಂದೆ ಒಂದು ನಿಶ್ಚಿತವಾದ ಕಲ್ಪನೆಯಿದೆ. ನಾಗರಿಕತೆಯ ಅಂಚಿಗೆ ಯಂತ್ರವೊಂದು ಬಂಡಿಯ ಮೇಲೆ ಬಂದಿತು. ಯಂತ್ರ ಬಂದುದರಿಂದ ಪತ್ರಿಕೆ ಹುಟ್ಟಿತು. ಪತ್ರಿಕೆ ಹುಟ್ಟಿದುದರಿಂದ ಊರು ಊರೆನಿಸಿತು. ಯಂತ್ರವನ್ನು ನೋಡಿದವನು ಚರಿತ್ರೆಯನ್ನು ನೋಡಿದಂತಾಯಿತು ಎಂಬುದು ಅದರ ಭಾವ.

ಈ ಕಲ್ಪನೆ ನಮ್ಮಲ್ಲಿಯೂ ಬೇರೂರಿದೆಯೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳ ಪತ್ರಿಕಾವೃತ್ತಿಯ ಕುರುಹುಗಳನ್ನು ಸಂಗ್ರಹಿಸುವುದಕ್ಕಾಗಿ ವಿದ್ಯಾರ್ಥಿಗಳೊಡನೆ ನಾವು ಹೊರಟಾಗ, ಕೈಯಲ್ಲಿ ಒಂದು ನಮೂನೆಯ ಹಾಳೆಯಿದ್ದಿತು. ಅದರ ಮೊದಲನೆಯ ಅಂಕಣ 'ಮುದ್ರಣಯಂತ್ರ', ಎರಡನೆಯದು 'ಪತ್ರಿಕೆಯ ಹೆಸರು', ಮೂರನೆಯದು 'ಸ್ಥಾಪಿಸಿದವರು', ನಾಲ್ಕನೆಯದು 'ವರ್ಷ'. ಈ ಹಾಳೆಯನ್ನು ಸಿದ್ಧಪಡಿಸಿದವರು ನಾವೇ. ಎರಡು ದಿನ ತಿರುಗಾಡಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬರಿದಾದ ಹಾಳೆಗಳನ್ನು ತೋರಿಸಿ, "ಸರ್, ಇಲ್ಲಿ ಏನೂ ಆಗಿಯೇ ಇಲ್ಲ ಎಂದು ಬರೆಯೋಣವೇ?" ಎಂದು ಕೇಳಿದಳು. ಪ್ರಕೃತ ಲೇಖನ ಆ ಪ್ರಶ್ನೆಯಿಂದ ಹುಟ್ಟಿದುದು.

ಮೊದಲನೆಯ ಅಂಕಣಕ್ಕೆ ದೊರೆತುದು ಒಂದೇ ಸಾಮಗ್ರಿ. ಒಂದು ಪೇಟೆಯಲ್ಲಿ ಲಗ್ನಪತ್ರಿಕೆ, ಪಾವತಿಪುಸ್ತಕ, ಜಾತ್ರೆಯ ಹಸ್ತಪತ್ರಗಳನ್ನು ಅಚ್ಚುಮಾಡುತ್ತಿದ್ದ ಸಣ್ಣ ಅಚ್ಚುಕೂಟವಿದ್ದಿತು. ಅದರ ಯಜಮಾನರು ಅಚ್ಚುಮೊಳೆಗಳನ್ನು ಎಂದೋ ಸೀಸದ ತೂಕಕ್ಕೆ ಮಾರಿಬಿಟ್ಟಿದ್ದರು. ಮೊಳೆಗಳನ್ನಿಡುವ ಮರದ ಕೇಸುಗಳಲ್ಲಿ ಒಂದು ಮಾತ್ರ ಉಳಿದಿದೆ. ಅದರ ಮನೆಗಳಲ್ಲಿ ಈಗ ತಿರುಪುಮೊಳೆ, ವಾಷರುಗಳಿವೆ. ಒತ್ತಕ್ಷರಗಳ ಮನೆ ಯಾವುದು, ದೀರ್ಘದ ಮನೆ ಯಾವುದು ಎಂಬುದನ್ನು ಅವರು ಕಣ್ಣುಮುಚ್ಚಿಕೊಂಡು ಬೆರಳಿನಿಂದ ತೋರಿಸಿದರು. ಆ ಕೇಸನ್ನು ಸಂಗ್ರಹಾಲಯದಲ್ಲಿಡಬಹುದು. ಬೆರಳಿನ ಆ ನೆನಪನ್ನು ಇಡುವ ಗಾಜಿನ ಪೆಟ್ಟಿಗೆ ಯಾವುದು?

ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಬರೆದವರು ಈ ಭಾಗವನ್ನು ಬಿಟ್ಟುಬಿಟ್ಟುದಕ್ಕೆ ಇದೇ ಕಾರಣ. ಅವರು ಅನುಸರಿಸಿದ ಕ್ರಮ ಸ್ಥಳ ಮತ್ತು ಸಂವತ್ಸರಗಳ ಕ್ರಮ. ೧೮೪೩ರ ಜುಲೈ ೧ರಂದು ಹೆರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ 'ಮಂಗಳೂರ ಸಮಾಚಾರ'. ೧೮೪೪ರಲ್ಲಿ ಅದೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾದುದು. ೧೮೪೯ರಲ್ಲಿ ಬೆಳಗಾವಿಯ 'ಸುಬುದ್ಧಿ ಪ್ರಕಾಶ'. ಆ ಮೇಲೆ ಧಾರವಾಡ, ಹುಬ್ಬಳ್ಳಿ, ಮೈಸೂರು, ಬೆಂಗಳೂರು. ಈ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಪಟ್ಟಿಗೆ ಬಾರದ ಊರಿಗೆ ಪತ್ರಿಕೆಯ ಸಂಬಂಧವೇ ಇರಲಿಲ್ಲವೆಂಬ ಭ್ರಮೆಯನ್ನು ಅದು ಸದ್ದಿಲ್ಲದೆ ಹುಟ್ಟಿಸುತ್ತದೆ. 'ಮಂಗಳೂರ ಸಮಾಚಾರ' ಹೊರಟ ವರ್ಷ ಮಂಗಳೂರು, ಹಳಿಯಾಳ, ಸೂಪಾಗಳು ಮದರಾಸು ಇಲಾಖೆಯ ಕೆನರಾ ಎಂಬ ಒಂದೇ ಜಿಲ್ಲೆಯಲ್ಲಿದ್ದವು. ಉತ್ತರ ಕನ್ನಡವು ಮುಂಬಯಿ ಇಲಾಖೆಗೆ ಸೇರಿದುದು ೧೮೬೨ರಲ್ಲಿ. ಹಾಗಿರಲು ಕನ್ನಡದ ಮೊದಲನೆಯ ಪತ್ರಿಕೆ ಆಡಳಿತದ ದೃಷ್ಟಿಯಿಂದ ಹಳಿಯಾಳದವನ ಸ್ವಂತ ಜಿಲ್ಲೆಯ ಪತ್ರಿಕೆ. ಇಂದಿನ ಜಿಲ್ಲಾವಾರು ಚರಿತ್ರೆಗಳು ಇಂದಿನ ಗಡಿಯನ್ನು ಹಿಂದಕ್ಕೆ ಎಳೆದು ಈ ಸಂಬಂಧವನ್ನು ಕತ್ತರಿಸಿವೆ.

ಗಡಿ ಎಂಬ ಶಬ್ದವನ್ನೇ ಇಲ್ಲಿ ಸ್ವಲ್ಪ ವಿಚಾರಿಸತಕ್ಕದ್ದು. ಅಮೆರಿಕದ ಲೇಖಕರು ಹೇಳುವ ಗಡಿ ವಸತಿಯ ಅಂಚು. ಅದು ವರ್ಷವರ್ಷಕ್ಕೂ ಪಶ್ಚಿಮಕ್ಕೆ ಸರಿಯುತ್ತಿದ್ದಿತು. ನಮ್ಮದು ಎರಡು ಸರಕಾರಗಳ ನಡುವಿನ ಸುಂಕದ ಗಡಿ. ಆರ್ಥರ್ ವೆಲ್ಲೆಸ್ಲಿ ೧೯ನೆಯ ಶತಮಾನದ ಆರಂಭದಲ್ಲಿ ಹಳಿಯಾಳವನ್ನು ಮುಖ್ಯವಾದ ಗಡಿಠಾಣ್ಯವೆಂದು ಎಣಿಸಿದ್ದನು. ಘಟ್ಟದ ಕೆಳಗೆ ಪೋರ್ತುಗೀಸರ ಗೋವೆ. ಅಲ್ಲಿ ಮುದ್ರಣಯಂತ್ರ ೧೫೫೬ರಲ್ಲಿಯೇ ಬಂದಿತ್ತು. ಭರತಖಂಡದಲ್ಲಿ ಮೊದಲನೆಯದು ಅದೇ. ಥಾಮಸ್ ಸ್ಟೀಫನ್ಸನ 'ಕ್ರಿಸ್ತಪುರಾಣ' ೧೬೧೬ರಲ್ಲಿ ರೋಮನ್ ಅಕ್ಷರಗಳಲ್ಲಿ ಅಚ್ಚಾಯಿತು. ಆದರೆ ೧೭೫೪ರಲ್ಲಿ ಲಿಸ್ಬನ್ನಿನ ಆಜ್ಞೆಯಿಂದ ಗೋವೆಯ ಮುದ್ರಣವೇ ನಿಂತುಹೋಗಿ, ೧೮೨೧ರಲ್ಲಿ 'ಗಜೆಟಾ ದ ಗೋವಾ' ಹೊರಡುವವರೆಗೂ ಪುನರಾರಂಭವಾಗಲಿಲ್ಲ. ಅಂದರೆ ಯಂತ್ರ ಮೊದಲು ಬಂದ ನಾಡಿನಲ್ಲಿ ವೃತ್ತಪತ್ರಿಕೆ ಹುಟ್ಟುವುದಕ್ಕೆ ೨೬೫ ವರ್ಷಗಳು ಬೇಕಾದವು. ಯಂತ್ರದಿಂದ ಪತ್ರಿಕೆ ತಾನಾಗಿ ಹುಟ್ಟುತ್ತದೆಂಬ ಟ್ಯೂಬಾಕಿನ ತರ್ಕ ಸೂಪಾದ ಘಟ್ಟದ ಕೆಳಗೆಯೇ ಮುರಿದುಬೀಳುತ್ತದೆ. ಯಂತ್ರವನ್ನು ತಂದವರಿಗೆ ಬೇಕಾಗಿದ್ದುದು ಧರ್ಮಗ್ರಂಥ, ಸಮಾಚಾರವಲ್ಲ.

ಈ ಗಡಿಯನ್ನು ಸಮಾಚಾರದ ಮಟ್ಟಿಗೆ ಜೀವಂತವಾಗಿ ಮಾಡಿದುದು ರೈಲುಮಾರ್ಗ. ೧೮೮೦ರ ದಶಕದ ಕೊನೆಯ ವರ್ಷಗಳಲ್ಲಿ ಮುರಗೋವೆಯ ಬಂದರಿನಿಂದ ಬಂದ ಹಳಿಗಳು ಕ್ಯಾಸಲ್‌ರಾಕಿನಲ್ಲಿ ಬ್ರಿಟಿಷ್ ಇಂಡಿಯದ ಹಳಿಗಳನ್ನು ಕೂಡಿದವು. ಕುಳೆಂ ನಿಲ್ದಾಣದಿಂದ ಕ್ಯಾಸಲ್‌ರಾಕಿಗೆ ಘಟ್ಟದ ಏರು ಸುಮಾರು ೨೬ ಕಿಲೋಮೀಟರು. ೩೭ ಅಡಿಗೆ ೧ ಅಡಿಯಂತೆ ಏರುವ ಹಾದಿ. ಜೋಯಿಡಾ ತಾಲ್ಲೂಕಿನ ಈ ಕಾಡಿನ ನಿಲ್ದಾಣ ಎರಡು ಸಾಮ್ರಾಜ್ಯಗಳ ಸುಂಕದವರು, ಪೋಲೀಸರು, ವ್ಯಾಪಾರಿಗಳು ಒಬ್ಬರನ್ನೊಬ್ಬರು ಕಾಣುವ ಬಾಗಿಲಾಯಿತು. ೧೯೪೬ರ ಜೂನ್ ೧೮ರಂದು ರಾಮಮನೋಹರ ಲೋಹಿಯಾ ಮಡಗಾವಿನಲ್ಲಿ ಸಭೆ ನಡೆಸಿದ ಮೇಲೆ ಗೋವೆಯೊಳಗೆ ಮುಕ್ತವಾಗಿ ಬರೆಯುವುದು ಇನ್ನಷ್ಟು ಕಠಿಣವಾಯಿತು. ಗೋವೆಯನ್ನು ಕುರಿತ ಬರೆಹ ಮುಂಬಯಿ, ಬೆಳಗಾವಿಗಳಲ್ಲಿ ಅಚ್ಚಾಗಿ ಗಡಿಯನ್ನು ದಾಟಬೇಕಾಯಿತು. ಮುದ್ರಣಸ್ಥಳ ಒಂದು, ಓದುಗ ಇರುವ ಸ್ಥಳ ಮತ್ತೊಂದು, ನಡುವೆ ಈ ಕಾಡು. ೧೯೫೫ರ ಆಗಸ್ಟ್ ೧೫ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಇಪ್ಪತ್ತಕ್ಕೂ ಹೆಚ್ಚು ಜನ ಮಡಿದ ಅನಂತರ ಭಾರತ ಸರಕಾರ ಗಡಿಯನ್ನು ಮುಚ್ಚಿತು. ರೈಲೂ ನಿಂತಿತು. ಕಾಗದದ ಹಾದಿ ಮುಚ್ಚಿದ ಆ ವರ್ಷವೇ ಮತ್ತೊಂದು ಹಾದಿ ತೆರೆಯಿತು.

೧೯೫೫ರ ನವೆಂಬರ್ ೨೫ರಂದು ಅಂಬೋಲಿಯ ಕಾಡಿನಿಂದ ಒಂದು ಗುಪ್ತ ರೇಡಿಯೋ ಕೇಂದ್ರ ಮಾತನಾಡತೊಡಗಿತು. ಪೋರ್ತುಗೀಸಿನಲ್ಲಿ ಅದರ ಹೆಸರು 'ವೋಝ್ ದ ಲಿಬರ್ದಾದ್'. ಸ್ವಾತಂತ್ರ್ಯದ ಧ್ವನಿ ಎಂದರ್ಥ. ಕೊಂಕಣಿಯಲ್ಲಿಯೂ ಅದರ ಪ್ರಸಾರ ನಡೆಯುತ್ತಿದ್ದಿತು. ನಡೆಸಿದವರಲ್ಲಿ ಮುಖ್ಯರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೋ. ತರುವಾಯ ಕೇಂದ್ರ ಅಂಬೋಲಿಯಿಂದ ಕ್ಯಾಸಲ್‌ರಾಕಿನ ಕಾಡಿಗೆ ಬಂದಿತು. ಲಾರಿಯ ಮೇಲೆ ಅಳವಡಿಸಿದ ಪ್ರಸಾರಯಂತ್ರ, ಜಿಗಣೆ, ಮಳೆ, ಹೊರಜಗತ್ತಿನ ಸಂಪರ್ಕವಿಲ್ಲದ ಅಜ್ಞಾತವಾಸ. ಇವುಗಳ ನಡುವೆ ಸುಮಾರು ಆರು ವರ್ಷಗಳ ಕಾಲ ಅವರು ಈ ಕಾರ್ಯವನ್ನು ನಡೆಸಿದರು. ಗೋವೆಯ ಸರಕಾರಿ ರೇಡಿಯೋ ಹೇಳಿದುದಕ್ಕೆ ಉತ್ತರ ಕೊಡುವುದು, ಅಲ್ಲಿಯ ಪತ್ರಿಕೆಗಳಿಗೆ ಅಚ್ಚುಮಾಡಲಾಗದ ಸಮಾಚಾರವನ್ನು ತಿಳಿಸುವುದು, ಆಫ್ರಿಕದ ಪೋರ್ತುಗೀಸ್ ವಸಾಹತುಗಳಲ್ಲಿ ನಡೆಯುತ್ತಿದ್ದ ಹೋರಾಟದ ಸುದ್ದಿಯನ್ನು ಕೊಡುವುದು ಅವರ ಕೆಲಸವಾಗಿದ್ದಿತು.

ಇದು ರೇಡಿಯೋ, ಪತ್ರಿಕೆಯಲ್ಲ. ಆದುದರಿಂದ ಪತ್ರಿಕಾಚರಿತ್ರೆಗೆ ಹೊರಗಿನದು ಎಂದು ಆಕ್ಷೇಪಿಸಬಹುದು. ನಮ್ಮ ವಿಭಾಗದಲ್ಲಿಯೇ ಈ ಆಕ್ಷೇಪ ಬಂದಿತು. ಇದಕ್ಕೆ ಸಮಾಧಾನ ಹೀಗೆ: ಸುದ್ದಿಯನ್ನು ಆಯುವುದು, ಅದನ್ನು ಪರೀಕ್ಷಿಸುವುದು, ಬರೆಯುವುದು, ಗೊತ್ತಾದ ಹೊತ್ತಿಗೆ ತಪ್ಪದೆ ಓದುಗನಿಗೆ ಮುಟ್ಟಿಸುವುದು, ಎದುರಾಳಿಯ ಮಾತಿಗೆ ಹೊಣೆಯರಿತು ಉತ್ತರಿಸುವುದು, ಇವು ಪತ್ರಿಕಾವೃತ್ತಿಯ ಲಕ್ಷಣಗಳಾದರೆ ಕ್ಯಾಸಲ್‌ರಾಕಿನ ಲಾರಿಯಲ್ಲಿ ಅವೆಲ್ಲವೂ ಇದ್ದವು. ಅಲ್ಲಿ ಇಲ್ಲದುದು ಸೀಸ ಮತ್ತು ಮಸಿ. ಸೀಸ, ಮಸಿಗಳಿದ್ದು ಲಗ್ನಪತ್ರಿಕೆಯನ್ನು ಮಾತ್ರ ಅಚ್ಚುಮಾಡಿದ ಅಚ್ಚುಕೂಟ ಪತ್ರಿಕಾಚರಿತ್ರೆಗೆ ಸೇರುತ್ತದೆ, ಇದು ಸೇರುವುದಿಲ್ಲ ಎಂಬುದು ಸಮಂಜಸವಾದ ವಾದವಲ್ಲ. ಪ್ರಚಾರಕ್ಕೂ ಪತ್ರಿಕಾವೃತ್ತಿಗೂ ಭೇದವಿಲ್ಲವೇ ಎಂಬ ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದುದು. ಈ ಕೇಂದ್ರಕ್ಕೆ ಒಂದು ಪಕ್ಷವಿದ್ದಿತು. ಅದನ್ನು ಅದು ಬಚ್ಚಿಡಲೂ ಇಲ್ಲ. ಆದರೆ ನಾವು ಗೌರವದಿಂದ ಎಣಿಸುವ ರಾಷ್ಟ್ರೀಯ ಪತ್ರಿಕೆಗಳಿಗೂ ಪಕ್ಷವಿದ್ದಿತು. ರಂಗನಾಥ ದಿವಾಕರರು ೧೯೨೧ರಲ್ಲಿ ಧಾರವಾಡದಲ್ಲಿ 'ಕರ್ಮವೀರ'ವನ್ನು ತೆಗೆದುದು ತಟಸ್ಥರಾಗಿರುವುದಕ್ಕಲ್ಲ. ಮೋಗ್ಲಿಂಗನೂ ಮಿಶನ್ನಿನ ಮನುಷ್ಯನೇ. ಪಕ್ಷವಿರುವುದು ದೋಷವಲ್ಲ, ಪಕ್ಷಕ್ಕಾಗಿ ಸುಳ್ಳು ಹೇಳುವುದು ದೋಷ. ಈ ಎರಡನೆಯ ಪರೀಕ್ಷೆಯನ್ನು ಎಲ್ಲ ಪತ್ರಿಕೆಗಳಿಗೂ ಹಚ್ಚುವಂತೆ ಈ ಕೇಂದ್ರಕ್ಕೂ ಹಚ್ಚೋಣ. ಅದಕ್ಕೆ ಮೊದಲೇ ಬಾಗಿಲು ಹಾಕುವುದು ಬೇಡ.

ಕೇಂದ್ರದ ಕೊನೆಯ ಕಾರ್ಯ ವಿಲಕ್ಷಣವಾದುದು. ೧೯೬೧ರ ಡಿಸೆಂಬರ್ ೧೯ರಂದು ಗೋವೆಯ ವಿಮೋಚನೆಯಾದಾಗ ಈ ಇಬ್ಬರು ವಿಮಾನವೇರಿ, ಧ್ವನಿವರ್ಧಕದಿಂದ ಪೋರ್ತುಗೀಸ್ ಮತ್ತು ಕೊಂಕಣಿಗಳಲ್ಲಿ ಆ ಸುದ್ದಿಯನ್ನು ಸಾರಿದರು. ಹಸ್ತಪತ್ರಗಳನ್ನೂ ಮೇಲಿನಿಂದ ಬೀರಿದರು. ಆರು ವರ್ಷ ಗಾಳಿಯಲ್ಲಿದ್ದ ಪತ್ರಿಕೆ ಕಟ್ಟಕಡೆಗೆ ಕಾಗದವಾಗಿ ಇಳಿಯಿತು. ಲಿಬಿಯಾ ಲೋಬೋ ಸರದೇಸಾಯಿಯವರಿಗೆ ಪದ್ಮಶ್ರೀ ಪ್ರಶಸ್ತಿ ಸಂದುದು ೨೦೨೫ರಲ್ಲಿ, ಅವರ ನೂರರ ವಯಸ್ಸಿನಲ್ಲಿ. ಗೋವೆಯ ಚರಿತ್ರೆಯಲ್ಲಿ ಅವರಿಗೆ ಸ್ಥಾನವಿದೆ. ಕರ್ನಾಟಕದ ಪತ್ರಿಕಾಚರಿತ್ರೆಯಲ್ಲಿಯೂ ಇರಬೇಕಾದುದು ನ್ಯಾಯ. ಏಕೆಂದರೆ ಆ ಧ್ವನಿ ಹೊರಟ ನೆಲ ಜೋಯಿಡಾದ್ದು.

ಕಾಗದವೆಂದೊಡನೆ ದಾಂಡೇಲಿಯ ಹೆಸರು ತಾನಾಗಿ ಬರುತ್ತದೆ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ೧೯೫೫ರಲ್ಲಿ ಸ್ಥಾಪಿತವಾಗಿ ೧೯೫೯ರಲ್ಲಿ ಉತ್ಪಾದನೆಗೆ ತೊಡಗಿತು. ಕಾಳಿಯ ನೀರು, ಸುತ್ತಣ ಕಾಡಿನ ಬಿದಿರು ಅದರ ಮೂಲದ್ರವ್ಯ. ಸಂಗ್ರಹಾಲಯವನ್ನು ಕಲ್ಪಿಸುವವರು ದಾಂಡೇಲಿಯನ್ನು 'ಪತ್ರಿಕೆಗಳಿಗೆ ಕಾಗದವಿತ್ತ ಊರು' ಎಂದು ವರ್ಣಿಸಲು ಆತುರಪಡುವುದುಂಟು; ಇದನ್ನು ತಿದ್ದಬೇಕು. ಇಲ್ಲಿಯದು ಮುಖ್ಯವಾಗಿ ಬರೆಯುವ ಹಾಗೂ ಪುಸ್ತಕ ಮುದ್ರಿಸುವ ಕಾಗದ. ವೃತ್ತಪತ್ರಿಕೆಯ ಕಾಗದ ಬೇರೆಯೇ ಜಾತಿ. ಅದು ವಿದೇಶಗಳಿಂದ, ೧೯೫೦ರ ದಶಕದ ನಡುವಿನಿಂದ ಮಧ್ಯಪ್ರದೇಶದ ನೇಪಾನಗರದಿಂದ, ೧೯೮೦ರ ದಶಕದಲ್ಲಿ ನಮ್ಮ ಭದ್ರಾವತಿಯಿಂದ ಬರುತ್ತಿದ್ದಿತು. ದಾಂಡೇಲಿಯ ಕಾಗದ ಶಾಲೆಯ ಪಟ್ಟಿಪುಸ್ತಕಕ್ಕೆ, ಪಠ್ಯಪುಸ್ತಕಕ್ಕೆ ಹೋಯಿತು. ಪತ್ರಿಕೆಯನ್ನು ಓದಬಲ್ಲವನನ್ನು ಸಿದ್ಧಪಡಿಸುವುದರಲ್ಲಿ ಅದರ ಪಾಲಿದೆ ಎಂದರೆ ಅದು ಸತ್ಯಕ್ಕೆ ಸಮೀಪವಾದ ಮಾತು.

ಆ ಕಾಗದದ ಬೆಲೆಯನ್ನು ತೆತ್ತವರಾರು ಎಂಬ ಪ್ರಶ್ನೆಯನ್ನೂ ಬಿಡಲಾಗದು. ೧೯೭೦ರ ದಶಕದಲ್ಲಿ ಮಾಧವ ಗಾಡ್ಗೀಳರು ಈ ಜಿಲ್ಲೆಯ ಬಿದಿರನ್ನು ಕುರಿತು ಅಧ್ಯಯನ ನಡೆಸಿದರು. ಗಿರಣಿಗೆ ಬಿದಿರು ಅತ್ಯಲ್ಪ ದರಕ್ಕೆ ದೊರೆಯುತ್ತಿದ್ದಿತು. ಬುಟ್ಟಿ, ಮೊರ, ಕಣಜಗಳನ್ನು ಹೆಣೆದು ಬದುಕುವ ಮೇದಾರನಿಗೆ ಅದೇ ಬಿದಿರು ಪೇಟೆಯಲ್ಲಿ ಹಲವು ಪಟ್ಟು ತುಟ್ಟಿ. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಅರಣ್ಯಾಧಿಕಾರಿಗಳು ನಂಬಿದ್ದರು. ಮುಳ್ಳು ಹೋದರೆ ಎಳೆಯ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಬಿಡುತ್ತವೆಂದು ಹಳ್ಳಿಗರು ಹೇಳುತ್ತಿದ್ದರು. ಅಧ್ಯಯನದಲ್ಲಿ ಹಳ್ಳಿಗರ ಮಾತೇ ನಿಜವೆಂದು ಕಂಡುಬಂದಿತು. ಕಾಗದದ ಸಂಗ್ರಹಾಲಯವಾಗುವುದಾದರೆ ಅದರಲ್ಲಿ ಕಾಗದದ ಸುರುಳಿಯ ಪಕ್ಕದಲ್ಲಿ ಮೇದಾರನ ಕತ್ತಿಯನ್ನೂ ಇಡಬೇಕು. ನಾವು ಅಚ್ಚುಮಾಡುತ್ತಿರುವ ಈ ಸಂಚಿಕೆಯೂ ಯಾವುದೋ ಕಾಡಿನ ಋಣದಲ್ಲಿರುವಂಥದೇ.

ಭಾಷೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಹಳಿಯಾಳ, ಜೋಯಿಡಾಗಳಲ್ಲಿ ಕನ್ನಡದೊಡನೆ ಮರಾಠಿ, ಕೊಂಕಣಿಗಳು ಮನೆಮಾತುಗಳಾಗಿವೆ. ಪೋರ್ತುಗೀಸರ ದಾಸ್ಯದಿಂದ ತಪ್ಪಿಸಿಕೊಂಡು ಘಟ್ಟವೇರಿ ಬಂದ ಆಫ್ರಿಕನರ ವಂಶದವರಾದ ಸಿದ್ದಿಗಳೂ ಇಲ್ಲಿ ನೆಲಸಿದ್ದಾರೆ. ಬೆಳಗಾವಿಯಲ್ಲಿ ೧೯೧೯ರಲ್ಲಿ ಬಾಬುರಾವ್ ಠಾಕೂರರ 'ತರುಣ ಭಾರತ' ಮರಾಠಿಯಲ್ಲಿ ಹುಟ್ಟಿತು. ಅದೇ ಬೆಳಗಾವಿಯಲ್ಲಿ ೧೯೨೯ರಲ್ಲಿ 'ಸಂಯುಕ್ತ ಕರ್ನಾಟಕ' ಹುಟ್ಟಿ ಮುಂದೆ ಹುಬ್ಬಳ್ಳಿಗೆ ಬಂದಿತು. ರಾಜ್ಯ ಪುನರ್ವಿಂಗಡಣೆಯ ವಾದದಲ್ಲಿ ಈ ಎರಡೂ ಎದುರುಬದುರಾಗಿ ನಿಂತವು. ೧೯೬೭ರ ಮಹಾಜನ ವರದಿಯ ತರುವಾಯವೂ ಆ ವಾದ ಮುಗಿಯಲಿಲ್ಲ. ಆದರೆ ಹಳಿಯಾಳದ ಹಿರಿಯರೊಬ್ಬರು ನಮ್ಮೊಡನೆ ಹೇಳಿದುದು ಬೇರೊಂದು ಚಿತ್ರ. ಅವರ ತಂದೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಎರಡೂ ಪತ್ರಿಕೆಗಳನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. ಅಕ್ಷರ ಬಾರದ ಹತ್ತು ಹನ್ನೆರಡು ಜನ ಕೇಳುತ್ತಿದ್ದರಂತೆ. "ಒಂದರಲ್ಲಿ ಅವರು ಗೆದ್ದಿರತಿದ್ರು, ಇನ್ನೊಂದರಲ್ಲಿ ನಾವು. ಅಪ್ಪ ಎರಡೂ ಓದಿ, ಮಳೆ ಎಲ್ಲಿ ಬಂತು ಅನ್ನೋದನ್ನ ಕಡೀಕೆ ಓದತಿದ್ದ. ಎಲ್ಲಾರೂ ಅದಕ್ಕ ಕಾಯತಿದ್ರು" ಎಂದರು. ಮುದ್ರಿತ ಪ್ರತಿಗಳ ಸಂಖ್ಯೆಯಿಂದ ಓದುಗರ ಸಂಖ್ಯೆಯನ್ನು ನಿರ್ಣಯಿಸುವ ನಮ್ಮ ಪದ್ಧತಿ ಈ ಕಟ್ಟೆಯ ಮುಂದೆ ನಿಲ್ಲಲಾರದು. ಕೇವಲ ಕನ್ನಡ ಪತ್ರಿಕೆಗಳನ್ನು ಜೋಡಿಸಿಟ್ಟ ಸಂಗ್ರಹಾಲಯ ಕನ್ನಡಾಭಿಮಾನದ್ದಾಗಬಹುದು. ಹಳಿಯಾಳದ ಓದುಗನ ಸಂಗ್ರಹಾಲಯವಾಗಲಾರದು.

ತ್ವರೆಪಡಬೇಕಾದ ಸಂಗತಿಯೊಂದಿದೆ. ಆ ಹಿರಿಯರ ಮನೆಯ ಅಟ್ಟದಲ್ಲಿ ತಂದೆಯ ಕಾಲದ ಪತ್ರಿಕೆಗಳ ಕಟ್ಟುಗಳಿದ್ದವು. ನಾವು ಹೋಗುವುದಕ್ಕೆ ಎರಡು ವರ್ಷ ಮೊದಲು ಮನೆಗೆ ಸುಣ್ಣ ಬಳಿಸುವಾಗ ಅವನ್ನು ರದ್ದಿಗೆ ಹಾಕಿದ್ದರು. ಹಳೆಯ ಸೂಪಾ ಪೇಟೆ ೧೯೮೦ರ ದಶಕದಲ್ಲಿ ಕಾಳಿಯ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ನೀರು ಮುಳುಗಿಸಿದುದಕ್ಕಿಂತ ಸುಣ್ಣದ ಹಬ್ಬಗಳು ಹೊರಹಾಕಿದುದೇ ಹೆಚ್ಚೆಂದು ನಮಗೆ ತೋರುತ್ತದೆ. ಗೋವೆಯ ರೇಡಿಯೋವನ್ನು ಕೇಳಿದ ಕಿವಿಗಳಿಗೆ ಈಗ ಎಂಬತ್ತು ದಾಟಿದೆ.

ಮುಂಡಗೋಡಕ್ಕೆ ಬಂದಾಗ ನಮ್ಮ ಹಾಳೆಯ ಅಂಕಣಗಳು ಮತ್ತೊಂದು ರೀತಿಯಿಂದ ನಿರುಪಯೋಗಿಯಾದವು. ಇಲ್ಲಿ ಮುದ್ರಣ ಸಮೃದ್ಧವಾಗಿತ್ತು. ಆದರೆ ಅಕ್ಷರ ನಮಗೆ ಬಾರದು. ೧೯೬೬ರಲ್ಲಿ ಇಲ್ಲಿ ಟಿಬೇಟದ ನಿರಾಶ್ರಿತರ ವಸತಿ ಏರ್ಪಟ್ಟಿತು. ಬಂಗಾಲದ ಬಕ್ಸಾದಲ್ಲಿ ತಂಗಿದ್ದ ಗಂದೆನ್ ಮತ್ತು ದ್ರೆಪುಂಗ್ ವಿಹಾರಗಳ ಭಿಕ್ಷುಗಳು ೧೯೬೯ರಿಂದ ಇಲ್ಲಿಗೆ ಬಂದು ನೆಲಸಿದರು. ಹೊತ್ತು ತಂದ ಗ್ರಂಥಗಳು ಕೆಲವೇ. ಅವುಗಳಿಂದ ಪಾಠ ಹೇಳಬೇಕಾದರೆ ಪ್ರತಿಗಳು ಬೇಕು. ಹೀಗೆ ದ್ರೆಪುಂಗ್ ಲೋಸೆಲಿಂಗ್ ವಿಹಾರದ ಮುದ್ರಣಾಲಯದಿಂದ ಹೊರಟ ಗ್ರಂಥಗಳ ಮೇಲೆ ಮುದ್ರಣಸ್ಥಳ 'ಮುಂಡಗೋಡ' ಎಂದಿದೆ. ದೇಶದ ಗ್ರಂಥಾಲಯಗಳಲ್ಲಿ ಮಾತ್ರವಲ್ಲ, ಪರದೇಶದ ದೊಡ್ಡ ಗ್ರಂಥಾಲಯಗಳ ಸೂಚಿಗಳಲ್ಲಿಯೂ ಈ ಊರಿನ ಹೆಸರು ಈ ರೀತಿ ಸೇರಿದೆ. ಉತ್ತರ ಕನ್ನಡದ ಮತ್ತಾವ ತಾಲ್ಲೂಕು ಸ್ಥಳಕ್ಕೂ ಈ ಬಗೆಯ ಪ್ರಸಿದ್ಧಿ ಬಂದಂತಿಲ್ಲ.

ಇದು ಪತ್ರಿಕೆಯಲ್ಲ, ಧರ್ಮಗ್ರಂಥವಲ್ಲವೇ ಎನ್ನಬಹುದು. ನಿಜ. ಆದರೆ ಆ ಜನರ ಪತ್ರಿಕೆಯ ಚರಿತ್ರೆಯೂ ಗಡಿಯಲ್ಲಿಯೇ ಹುಟ್ಟಿದುದು. ಕಿನ್ನೌರದ ಪೂ ಎಂಬ ಊರಿನ ದೊರ್ಜೆ ಥಾರ್ಚಿನ್ ಎಂಬವರು ೧೯೨೫ರಲ್ಲಿ ಕಾಲಿಂಪಾಂಗಿನಲ್ಲಿ ಟಿಬೇಟೀ ಭಾಷೆಯ ಪತ್ರಿಕೆಯೊಂದನ್ನು ಪ್ರಾರಂಭಿಸಿದರು. ಇಂಗ್ಲಿಷಿನಲ್ಲಿ 'ಟಿಬೆಟ್ ಮಿರರ್' ಎಂದು ಹೆಸರಾದ ಅದು ೧೯೬೩ರವರೆಗೆ ನಡೆಯಿತು. ಟಿಬೇಟದೊಳಗೆ ವೃತ್ತಪತ್ರಿಕೆಯಿಲ್ಲದ ಕಾಲದಲ್ಲಿ, ಉಣ್ಣೆಯ ವ್ಯಾಪಾರದ ಹಾದಿಯಲ್ಲಿ ಅದು ಗಡಿಯನ್ನು ದಾಟಿ ಲ್ಹಾಸಾವನ್ನು ಮುಟ್ಟುತ್ತಿದ್ದಿತು. ಥಾರ್ಚಿನ್ನರು ಬೆಳೆದುದು ಮೊರೇವಿಯನ್ ಮಿಶನ್ನಿನ ಆಸರೆಯಲ್ಲಿ. ಅದೇ ಮಿಶನ್ನು ೧೯೦೪ರಲ್ಲಿ ಲೇಹದಲ್ಲಿ ಕಲ್ಲಚ್ಚಿನ ಪತ್ರಿಕೆಯೊಂದನ್ನು ಹೊರಡಿಸಿತ್ತು. ಮಂಗಳೂರಿನ ಮಿಶನ್ನಿನ ಕಲ್ಲನ್ನು ಇದು ನೆನಪಿಗೆ ತರುತ್ತದೆ. ಎರಡು ಕಡೆಗಳಲ್ಲಿಯೂ ಪರಕೀಯನ ಕಲ್ಲಿನ ಮೇಲೆ ಮೊದಲು ಮೂಡಿದ ಸಮಾಚಾರವನ್ನು ದೇಶೀಯರು ತಮ್ಮದಾಗಿ ಮಾಡಿಕೊಂಡರು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ತರವಲ್ಲ.

ನಮ್ಮ ಹಾಳೆಯನ್ನು ಈಗ ಬದಲಾಯಿಸಿದ್ದೇವೆ. 'ಮುದ್ರಣಯಂತ್ರ' ಎಂಬ ಅಂಕಣ ಕೊನೆಗೆ ಹೋಗಿದೆ. ಮೊದಲಿನದು 'ಸುದ್ದಿ ಯಾವ ಹಾದಿಯಿಂದ ಬರುತ್ತಿದ್ದಿತು'. ಎರಡನೆಯದು 'ಯಾರು ಓದಿ ಹೇಳುತ್ತಿದ್ದರು'. ಮೂರನೆಯದು 'ಯಾವ ಭಾಷೆಯಲ್ಲಿ'. ನಾಲ್ಕನೆಯದು 'ಹಳೆಯ ಪ್ರತಿಗಳು ಈಗ ಎಲ್ಲಿವೆ'. ಬರಿದಾದ ಹಾಳೆಗಳನ್ನು ತೋರಿಸಿದ ವಿದ್ಯಾರ್ಥಿನಿಯೇ ಇದನ್ನು ರಚಿಸಿದವಳು. ಮಳೆ ನಿಂತ ಮೇಲೆ ಅವಳೂ ಇನ್ನಿಬ್ಬರೂ ಕ್ಯಾಸಲ್‌ರಾಕಿನಿಂದ ಮೊದಲುಮಾಡಿ ಜೋಯಿಡಾದ ಹಳ್ಳಿಗಳನ್ನು ಮತ್ತೊಮ್ಮೆ ಸುತ್ತಲಿದ್ದಾರೆ. ಕೊಂಕಣಿ ಬಲ್ಲ ಒಬ್ಬರನ್ನು ಈ ಸಲ ಜೊತೆಗೆ ಕರೆದೊಯ್ಯುತ್ತಾರೆ.